ಕಣ್ಣೊಳಗಿನ ಎಣ್ಣೆಗೆ ಒಂದು ತಾರೀಖು ಬೇಕು

ನನ್ನ ಬಲಗಣ್ಣಿನಲ್ಲಿ ಏನೋ ಎಡವಟ್ಟಾಗಿದೆ ಎಂದು ಮೊದಲು ಹೇಳಿದವಳು ಆರು ವರ್ಷದ ಮೊಮ್ಮಗಳು. 2022ರ ದೀಪಾವಳಿ ರಜೆಗೆ ಬಂದಿದ್ದಳು. ಪಡಸಾಲೆಯಲ್ಲಿ ಡಾಕ್ಟರ್ ಆಟ ನಡೆದಿತ್ತು, ಪೇಷಂಟು ನಾನೇ. ನಾಡಿ ಹಿಡಿದಳು, ನಾಲಿಗೆ ಚಾಚಿಸಿದಳು. ಆಮೇಲೆ ಎರಡು ಬೆರಳಿನಿಂದ ನನ್ನ ಮೇಲಿನ ರೆಪ್ಪೆಯನ್ನು ಎತ್ತಿ ಹಿಡಿದು, "ಅಜ್ಜಾ, ನಿನ್ನ ಕಣ್ಣಾಗ ಹಾಲು ಬಿದ್ದದ" ಎಂದಳು.

ಕೈಗನ್ನಡಿ ತರಿಸಿ ಬಾಗಿಲ ಬೆಳಕಿಗೆ ಹಿಡಿದೆ. ರೆಪ್ಪೆ ಎತ್ತಿ ನೋಡಿದರೆ ಕಪ್ಪು ಗುಡ್ಡೆಯ ಮೇಲಂಚಿನಲ್ಲಿ ತೆಳ್ಳನೆಯ ಬಿಳಿ ಗೆರೆ. ಉಗುರಿನ ಬುಡದಲ್ಲಿ ಅರ್ಧಚಂದ್ರ ಇರುತ್ತದಲ್ಲ, ಅದನ್ನು ತಲೆಕೆಳಗು ಮಾಡಿ ಇಟ್ಟ ಹಾಗೆ. ಇಷ್ಟು ದಿನ ರೆಪ್ಪೆಯ ಮರೆಯಲ್ಲಿ ಇದ್ದದ್ದಕ್ಕೆ ನನಗಾಗಲಿ ಮನೆಯವರಿಗಾಗಲಿ ಕಂಡಿರಲಿಲ್ಲ. ಅದು ಹಾಲಲ್ಲ, ಎಣ್ಣೆ. ವರ್ಷದ ಹಿಂದೆ ನನ್ನ ಕಣ್ಣೊಳಗೆ ತುಂಬಿಸಿದ್ದ ಸಿಲಿಕಾನ್ ಎಣ್ಣೆ ಒಡೆದು ಸಣ್ಣ ಸಣ್ಣ ಹನಿಗಳಾಗಿ, ತೇಲಿ ಮೇಲೆ ಬಂದು ನಿಂತಿತ್ತು.

ನಾನು ಧಾರವಾಡದ ಒಂದು ಮುದ್ರಣಾಲಯದಲ್ಲಿ ಮೂವತ್ತಾರು ವರ್ಷ ಕರಡು ತಿದ್ದಿದವನು. 1985ರಲ್ಲಿ ಸೇರಿದಾಗ ಇನ್ನೂ ಮೊಳೆ ಜೋಡಿಸುತ್ತಿದ್ದ ಕಾಲ. ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ, "ಕಣ್ಣಾಗ ಎಣ್ಣಿ ಬಿಟಗೊಂಡು ಓದಬೇಕು, ತಿಳೀತಿಲ್ಲೋ" ಎಂದಿದ್ದರು. ಒತ್ತಕ್ಷರ ತಪ್ಪಿದ್ದು, ಅನುಸ್ವಾರ ಬಿಟ್ಟಿದ್ದು, ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾದದ್ದು, ಎಲ್ಲವನ್ನೂ ಹಿಡಿದು ಕೊಟ್ಟಿದ್ದು ಮೈನಸ್ 9 ನಂಬರಿನ ಈ ಎರಡು ಕಣ್ಣುಗಳೇ. ಅವೇ ನನ್ನ ಹೊಟ್ಟೆ ಹೊರೆದವು. ಹಾಗಾಗಿ ಇಲ್ಲಿ ಹೇಳಹೊರಟಿರುವ ವಿಷಯ ನನಗೆ ಬರೀ ಆರೋಗ್ಯ ಅಂಕಣದ ವಿಷಯವಲ್ಲ.

2021ರ ಅಕ್ಟೋಬರ್. ರಾಜ್ಯೋತ್ಸವಕ್ಕೆ ಬಿಡುಗಡೆ ಆಗಬೇಕಾದ ಪುಸ್ತಕಗಳ ಕರಡು ಮೇಜಿನ ಮೇಲೆ ಅಟ್ಟಿ ಬಿದ್ದಿತ್ತು. ಬಲಗಣ್ಣಿನ ಮೂಲೆಯಲ್ಲಿ ಆಗಾಗ ಮಿಂಚು ಹೊಡೆದಂತಾಗುತ್ತಿತ್ತು. ಮಸಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು ಓಡಾಡಿದವು. ನಿದ್ದೆ ಕಡಿಮೆ ಆಗಿದ್ದಕ್ಕೆ ಎಂದುಕೊಂಡೆ. ಎರಡು ದಿನ ಬಿಟ್ಟು ಕೆಳಗಿನಿಂದ ಒಂದು ನೆರಳು ಏರತೊಡಗಿತು, ಕಿಟಕಿಗೆ ಯಾರೋ ಕೆಳಗಿನಿಂದ ಪರದೆ ಎಳೆದ ಹಾಗೆ. ಅದಾದ ಮೇಲೂ ನಾಲ್ಕು ದಿನ ಕೆಲಸ ಮಾಡಿದೆ. ಐದನೆಯ ದಿನ ಪುಟದ ಸಾಲುಗಳೇ ಡೊಂಕಾದವು. ನೆಟ್ಟಗಿರುವ ಸಾಲು ಹೊಳೆಯ ನೀರಲ್ಲಿ ಬಿದ್ದ ಕೋಲಿನ ಹಾಗೆ ಬಾಗಿ ಕಂಡಾಗ ಕೈ ನಡುಗಿತು. ಆ ನಾಲ್ಕು ದಿನ ನಾನು ಕಳೆದುಕೊಂಡದ್ದಕ್ಕೆ ಯಾರನ್ನೂ ದೂರುವುದಿಲ್ಲ, ಅದು ನನ್ನದೇ ತಪ್ಪು. ಮಿಂಚು, ಚುಕ್ಕೆ, ನೆರಳು ಈ ಮೂರರಲ್ಲಿ ಯಾವುದು ಹೊಸದಾಗಿ ಕಂಡರೂ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಓಡಬೇಕು. ದಪ್ಪ ಮೈನಸ್ ಕನ್ನಡಕದವರು ಇದನ್ನು ಬಾಯಿಪಾಠ ಮಾಡಿಕೊಳ್ಳಬೇಕು.

ಆಗಿದ್ದೇನೆಂದರೆ ಅಕ್ಷಿಪಟಲ ಕಳಚಿತ್ತು. ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ, ಬೆಳಕನ್ನು ಹಿಡಿಯುವ ತೆಳು ಪದರ ಅದು. ರೆಟಿನಾ ಎನ್ನುತ್ತಾರೆ. ಅದರಲ್ಲಿ ತೂತು ಬಿದ್ದರೆ ಒಳಗಿನ ನೀರು ತೂತಿನಿಂದ ಹಿಂದಕ್ಕೆ ಸೇರಿ, ಹಸಿ ಗೋಡೆಯ ಸುಣ್ಣ ಹಕ್ಕಳೆ ಎದ್ದ ಹಾಗೆ ಪದರ ಎದ್ದು ಬರುತ್ತದೆ. ನನ್ನದು ತಡವಾಗಿ, ಮೂರು ಕಡೆ ಹರಿದು, ಸುಕ್ಕು ಕಟ್ಟಲು ಶುರುವಾಗಿತ್ತು. ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಮರುದಿನವೇ ಶಸ್ತ್ರಚಿಕಿತ್ಸೆ ಆಯಿತು. ಒಳಗಿನ ಲೋಳೆಯನ್ನು ತೆಗೆದು, ಸುಕ್ಕು ಬಿಡಿಸಿ, ಪದರವನ್ನು ಗೋಡೆಗೆ ಕೂರಿಸಿ, ತೂತಿನ ಸುತ್ತ ಲೇಸರ್ ಹಾಕಿ, ಮತ್ತೆ ಏಳದಂತೆ ಒಳಗಿನಿಂದ ಒತ್ತಿ ಹಿಡಿಯಲು ಎಣ್ಣೆ ತುಂಬಿದರು. ಹೆಚ್ಚೆಂದರೆ ಒಂದು ಸಣ್ಣ ಚಮಚೆಯಷ್ಟು. ಮುರಿದ ಕೈ ಕೂಡುವ ತನಕ ದಬ್ಬೆ ಕಟ್ಟುವಂತೆ ಈ ಎಣ್ಣೆ. ಕೈ ಕೂಡಿದ ಮೇಲೆ ದಬ್ಬೆ ಬಿಚ್ಚಬೇಕು ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ, ಅದು ಹೊರಗೆ ಕಾಣುತ್ತದೆ. ಕಣ್ಣೊಳಗಿನ ದಬ್ಬೆ ಕಾಣುವುದಿಲ್ಲ.

ಶಸ್ತ್ರಚಿಕಿತ್ಸೆಗೆ ಮುಂಚೆ ಒಂದು ಇಂಗ್ಲಿಷ್ ಸಮ್ಮತಿ ಪತ್ರಕ್ಕೆ ಸಹಿ ಹಾಕಿದೆ. ಆಗ ನನ್ನ ಎರಡೂ ಕಣ್ಣಿಗೆ ಪಾಪೆ ಅಗಲಿಸುವ ಹನಿ ಹಾಕಿ ಎರಡು ಗಂಟೆ ಆಗಿತ್ತು. ಹತ್ತಿರದ ಅಕ್ಷರ ಒಂದೂ ನಿಲ್ಲುತ್ತಿರಲಿಲ್ಲ. ಸಹಿ ಎಲ್ಲಿ ಹಾಕಬೇಕೆಂದು ಸಿಸ್ಟರ್ ಬೆರಳಿಟ್ಟು ತೋರಿಸಿದರು. ಜೀವಮಾನವಿಡೀ ಪ್ರತಿ ಪುಟವನ್ನೂ ಎರಡು ಸಲ ಓದಿ ಸಹಿ ಹಾಕಿದವನು ನಾನು, ಆ ಒಂದು ಪುಟವನ್ನು ಓದದೆ ಸಹಿ ಹಾಕಿದೆ. ಎಣ್ಣೆ ತೆಗೆಯಲು ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂಬ ಸಾಲು ಅದರಲ್ಲಿ ಇತ್ತು. ಅದನ್ನು ನಾನು ಓದಿದ್ದು ಹದಿಮೂರು ತಿಂಗಳ ಮೇಲೆ.

ಬಿಡುಗಡೆಯ ದಿನ ಕೊಟ್ಟ ಚೀಟಿ ಈಗಲೂ ನನ್ನ ಬಳಿ ಇದೆ. ಮಾಡಿದ ಚಿಕಿತ್ಸೆ ಎಂಬ ಕಡೆ ಪಿಪಿವಿ, ಎಂಪಿ, ಇಎಲ್, ಎಸ್‌ಒಐ ಎಂದು ಬರೆದಿದೆ. ನಾಲ್ಕೂ ಸಂಕ್ಷೇಪ. ಕೊನೆಯ ಎಸ್‌ಒಐ ಎಂದರೆ ಸಿಲಿಕಾನ್ ಆಯಿಲ್ ಹಾಕಿದೆ ಎಂದರ್ಥ. ಎರಡು ತಿಂಗಳ ತಪಾಸಣೆಯ ದಿನ ಅದೇ ಚೀಟಿಯ ಹಿಂದೆ ಎಸ್‌ಒಎಸ್ ಎಂದು ಬರೆದರು. ತೊಂದರೆ ಎನಿಸಿದರೆ ಬನ್ನಿ ಎಂದು ಅದರ ಅರ್ಥ. ಆಸ್ಪತ್ರೆಯಲ್ಲಿ ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ, ಕೆಲಸದಲ್ಲಿ ಯಾರೂ ಕೈ ಬಿಗಿಹಿಡಿಯಲಿಲ್ಲ. ನನ್ನ ಕಣ್ಣನ್ನು ಉಳಿಸಿದ ವೈದ್ಯರ ಕೈಚಳಕಕ್ಕೆ ನಾನು ಸಾಯುವ ತನಕ ಋಣಿ. ಆದರೆ ಕಣ್ಣೊಳಗೆ ಎಣ್ಣೆ ಇದೆ, ಅದನ್ನು ಇಷ್ಟರೊಳಗೆ ತೆಗೆಸಬೇಕು ಎಂಬ ಒಂದು ವಾಕ್ಯವನ್ನು ಕನ್ನಡದಲ್ಲಿ ಯಾರೂ ಹೇಳಲಿಲ್ಲ, ಯಾರೂ ಬರೆದುಕೊಡಲಿಲ್ಲ.

ಹೇಳಿದ್ದರು ಎಂದೇ ಇಟ್ಟುಕೊಳ್ಳೋಣ. "ಎಣ್ಣೆ ಹಾಕಿದ್ದೇವೆ" ಎಂದು ನನ್ನ ಹೆಂಡತಿಗೆ ಒಮ್ಮೆ ಹೇಳಿದ್ದರಂತೆ. ತೊಡಕು ಇರುವುದೇ ಆ ಮಾತಿನಲ್ಲಿ. ನಮ್ಮ ಮನೆಗಳಲ್ಲಿ ಎಣ್ಣೆ ಎಂದರೆ ಹಿತವಾದದ್ದು. ಕಣ್ಣುರಿ ಬಂದರೆ ನೆತ್ತಿಗೆ ಹರಳೆಣ್ಣೆ ಒತ್ತುತ್ತೇವೆ. ಬಾಣಂತಿಗೆ, ಕೂಸಿಗೆ, ಹಬ್ಬಕ್ಕೆ ಎಣ್ಣೆನೀರು. ಎಣ್ಣೆ ಮೈಯೊಳಗೆ ಇಳಿಯುತ್ತದೆ, ತಂಪು ಮಾಡುತ್ತದೆ, ಅದರಷ್ಟಕ್ಕೆ ಅದು ಹೋಗುತ್ತದೆ. ಕಣ್ಣಿಗೆ ಎಣ್ಣೆ ಎಂದ ಕೂಡಲೇ ನನ್ನ ಹೆಂಡತಿಗೆ ಹೊಳೆದದ್ದು ಅದೇ. ಸಿಲಿಕಾನ್ ಎಣ್ಣೆ ಯಾವ ಗಾಣದಲ್ಲೂ ಹುಟ್ಟುವುದಿಲ್ಲ. ಮರಳಿನ ಮೂಲದ ಸಿಲಿಕಾನ್ ಧಾತುವಿನಿಂದ ಕಾರ್ಖಾನೆಯಲ್ಲಿ ತಯಾರಿಸುವ ದ್ರವ ಅದು. ಪಾಲಿಡೈಮಿಥೈಲ್‌ಸಿಲಾಕ್ಸೇನ್ ಎಂಬ ಉದ್ದನೆಯ ಹೆಸರಿನದು. ನೀರಿಗಿಂತ ಸಾವಿರ ಪಟ್ಟು ಮಂದ, ಕೆಲವು ಐದು ಸಾವಿರ ಪಟ್ಟು. ಗಾಜಿನಂತೆ ತಿಳಿ. ನೀರಿಗಿಂತ ತುಸು ಹಗುರ, ಅದಕ್ಕೇ ತೇಲುತ್ತದೆ. ಮೈ ಅದನ್ನು ಹೀರಿಕೊಳ್ಳುವುದಿಲ್ಲ, ಅರಗಿಸಿಕೊಳ್ಳುವುದಿಲ್ಲ. ವೈದ್ಯರು ತೆಗೆಯುವ ತನಕ ಅಲ್ಲೇ ಇರುತ್ತದೆ.

ಇದೇ ಕೆಲಸಕ್ಕೆ ಗಾಳಿಯಂಥ ಅನಿಲವನ್ನೂ ತುಂಬುತ್ತಾರೆ. ಅದು ಎರಡು ವಾರಕ್ಕೋ ಎರಡು ತಿಂಗಳಿಗೋ ತಾನಾಗಿ ಕರಗಿಹೋಗುತ್ತದೆ. ಅನಿಲ ಇರುವಷ್ಟು ದಿನ ವಿಮಾನ ಹತ್ತಬಾರದು, ಹತ್ತಿದರೆ ಗುಳ್ಳೆ ಹಿಗ್ಗಿ ಕಣ್ಣು ಹೋಗಬಹುದು. ಅದಕ್ಕೆಂದು ಎಷ್ಟೋ ಆಸ್ಪತ್ರೆಗಳಲ್ಲಿ ಅನಿಲ ಹಾಕಿಸಿಕೊಂಡವರ ಮುಂಗೈಗೆ ಎಚ್ಚರಿಕೆಯ ಪಟ್ಟಿ ಕಟ್ಟಿ ಕಳಿಸುತ್ತಾರೆ. ತಾನಾಗಿ ಹೋಗುವ ಅನಿಲಕ್ಕೆ ಪಟ್ಟಿ ಇದೆ, ತಾನಾಗಿ ಹೋಗದ ಎಣ್ಣೆಗೆ ನನ್ನ ಕೈಯಲ್ಲಿ ಏನೂ ಇರಲಿಲ್ಲ.

ನಾನು ಯಾಕೆ ಮತ್ತೆ ಹೋಗಲಿಲ್ಲ ಎಂದು ಮಗ ಈಗಲೂ ಕೇಳುತ್ತಾನೆ. ಹೋಗದಿರಲು ಕಾರಣ ಕಣ್ಣು ಚೆನ್ನಾಗಿ ಕಂಡದ್ದು. ಎಣ್ಣೆ ಬೆಳಕನ್ನು ನೀರಿಗಿಂತ ಬೇರೆ ರೀತಿ ಬಾಗಿಸುತ್ತದೆ. ಸಹಜ ಮಸೂರ ಇರುವ ಕಣ್ಣಿಗೆ ಅದನ್ನು ತುಂಬಿದರೆ ಕನ್ನಡಕದ ನಂಬರು ಐದಾರು ಡಯಾಪ್ಟರಿನಷ್ಟು ಪ್ಲಸ್ ಕಡೆಗೆ ಸರಿಯುತ್ತದೆ. ಮೈನಸ್ 9 ಇದ್ದ ನನ್ನ ಕಣ್ಣು ಮೈನಸ್ 3ರ ಹತ್ತಿರ ಬಂತು. ಮೂರನೆಯ ತಿಂಗಳಿಗೆ ಬಲಗಣ್ಣಿಗೆ ಕನ್ನಡಕ ಇಲ್ಲದೆ, ಸ್ವಲ್ಪ ಅಲುಗಿದಂತಿದ್ದರೂ, ದಪ್ಪ ಅಕ್ಷರ ಓದಿದೆ. ಐವತ್ತು ವರ್ಷದಲ್ಲಿ ಕನ್ನಡಕ ತೆಗೆದು ಓದಿದ್ದು ಅದೇ ಮೊದಲು. ದೇವರು ಕಣ್ಣು ಕೊಟ್ಟ ಎಂದು ಮುರುಘಾಮಠಕ್ಕೆ ಹೋಗಿ ಕಾಯಿ ಒಡೆಸಿ ಬಂದೆವು. ಹೀಗಿರುವಾಗ ಆಸ್ಪತ್ರೆಗೆ ಯಾರು ಹೋಗುತ್ತಾರೆ? ಆಮೇಲೆ ಮಳೆಗಾಲದಲ್ಲಿ ಮತ್ತೆ ಮಂಜಾದಾಗ, ವಯಸ್ಸಾಯಿತು, ಪೊರೆ ಬಂದಿರಬೇಕು ಎಂದು ಸುಮ್ಮನಾದೆ. ಪೊರೆ ಬಂದದ್ದೂ ನಿಜವೇ. ಎಣ್ಣೆ ತಿಂಗಳುಗಟ್ಟಲೆ ಉಳಿದ ಕಣ್ಣಿನ ಸಹಜ ಮಸೂರಕ್ಕೆ ಪೊರೆ ಬರುವುದು ಬಹುಮಟ್ಟಿಗೆ ಖಚಿತ. ಆದರೆ ಪೊರೆಯ ಹಿಂದೆ ಇನ್ನೊಂದು ನಡೆದಿತ್ತು.

ಮೊಮ್ಮಗಳು ಹಾಲು ಕಂಡ ಮರುವಾರ ಹತ್ತಿರದ ಇನ್ನೊಂದು ಆಸ್ಪತ್ರೆಗೆ ಹೋದೆ. ಅಲ್ಲಿನ ರೆಟಿನಾ ವೈದ್ಯೆ ನನ್ನ ಕಣ್ಣನ್ನು ಯಂತ್ರದಲ್ಲಿ ಹಿಡಿದು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದರು. ಬಿಳಿ ಗೆರೆ ಎಂದುಕೊಂಡದ್ದು ಗೆರೆಯಲ್ಲ. ಸಾಬುದಾನಿಗಿಂತಲೂ ಎಷ್ಟೋ ಪಾಲು ಸಣ್ಣದಾದ, ದುಂಡಗಿನ, ಹೊಳೆಯುವ ಹನಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ನಾನು ಕಣ್ಣು ಆಡಿಸಿದರೆ ಅವೂ ಅಲುಗಿ ಮತ್ತೆ ಮೇಲಂಚಿಗೇ ಹೋಗಿ ಸೇರುತ್ತಿದ್ದವು. ಎಣ್ಣೆನೀರು ಹಾಕಿಕೊಂಡು ಸೀಗೆಪುಡಿ ಉಜ್ಜಿದಾಗ ಎಣ್ಣೆ ಬೆಳ್ಳಗೆ ನೊರೆನೊರೆ ಆಗುವುದಿಲ್ಲವೆ, ಅದೇ ಇದು ಎಂದು ಅವರು ಹೇಳಿದಾಗ ನನಗೆ ಒಮ್ಮೆಲೇ ಅರ್ಥವಾಯಿತು. ಒಂದೇ ಗುಳ್ಳೆಯಾಗಿದ್ದ ಎಣ್ಣೆ ದಿನಾ ಕಣ್ಣು ಹೊರಳುವ ಕುಲುಕಾಟಕ್ಕೆ ಒಡೆಯುತ್ತದೆ. ರಕ್ತದ ಅಂಶ, ಉರಿಯೂತದಿಂದ ಸೋರಿದ ಪ್ರೋಟೀನು ಸೀಗೆಪುಡಿಯ ಕೆಲಸ ಮಾಡುತ್ತವೆ. ತೆಳು ಎಣ್ಣೆ ಬೇಗ, ಮಂದ ಎಣ್ಣೆ ತಡವಾಗಿ. ದಿನ ಕಳೆದಂತೆ ಎರಡೂ ಒಡೆಯುತ್ತವೆ.

ಒಡೆದ ಹನಿಗಳು ಎಲ್ಲಿ ಬೇಕಾದರೂ ಹೋಗುತ್ತವೆ ಎನ್ನುವುದೇ ಕೇಡು. ಕಣ್ಣಿನ ಮುಂಭಾಗದ ನೀರು ಹೊರಹೋಗಲು ಜರಡಿಯಂಥ ಒಂದು ದಾರಿ ಇದೆ. ಹನಿಗಳು ಅದರಲ್ಲಿ ಸಿಕ್ಕಿಕೊಂಡರೆ ನೀರು ಕಟ್ಟಿ ಒತ್ತಡ ಏರುತ್ತದೆ. ಸಾಮಾನ್ಯ ಒತ್ತಡ 10ರಿಂದ 21. ನನ್ನ ಬಲಗಣ್ಣಿನದು ಅಂದು 34. ನೋವಿರಲಿಲ್ಲ, ಕೆಂಪಿರಲಿಲ್ಲ. ಒಳಗೆ ಕಣ್ಣಿನ ನರ ಎಳೆ ಎಳೆಯಾಗಿ ಒಣಗುತ್ತಿತ್ತು. ಗ್ಲಾಕೋಮಾ ಎಂದು ಎಲ್ಲರೂ ಕೇಳಿರುವ ರೋಗವೇ ಇದು, ಇಲ್ಲಿ ಎಣ್ಣೆಯಿಂದ ಬಂದದ್ದು. ಒಣಗಿದ ನರ ಮತ್ತೆ ಚಿಗುರುವುದಿಲ್ಲ. ಎಣ್ಣೆ ಮುಂದಕ್ಕೆ ಬಂದು ಕಾರ್ನಿಯಾದ ಒಳಮೈಗೆ ತಾಗುತ್ತಲೇ ಇದ್ದರೆ ಅದೂ ಹಾಳಾಗಿ, ಗಾಜಿನಂತಿದ್ದ ಕಪ್ಪು ಗುಡ್ಡೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕೆಲವರಿಗೆ ಇದಾವುದೂ ಆಗದೆ, ಪಟಲ ನೆಟ್ಟಗೆ ಕೂತಿದ್ದರೂ, ಕಾರಣ ತಿಳಿಯದ ಹಾಗೆ ದೃಷ್ಟಿ ಕುಸಿಯುವುದೂ ಉಂಟಂತೆ.

ನವೆಂಬರಿನಲ್ಲಿ ಎಣ್ಣೆ ತೆಗೆದರು. ಜೊತೆಗೇ ಪೊರೆ ತೆಗೆದು ಮಸೂರ ಕೂರಿಸಿದರು. ಮಸೂರದ ನಂಬರು ಲೆಕ್ಕ ಹಾಕಲು ಕಣ್ಣಿನ ಉದ್ದ ಅಳೆಯಬೇಕು. ಎಣ್ಣೆಯೊಳಗೆ ಶಬ್ದ ನಿಧಾನ ಹೋಗುವುದರಿಂದ ಹಳೆಯ ಶಬ್ದದ ಯಂತ್ರದಲ್ಲಿ, ಲೆಕ್ಕ ತಿದ್ದದಿದ್ದರೆ, ಕಣ್ಣು ಇದ್ದದ್ದಕ್ಕಿಂತ ಉದ್ದ ಕಾಣುತ್ತದಂತೆ. ಬೆಳಕಿನಿಂದ ಅಳೆಯುವ ಯಂತ್ರದಲ್ಲಿ ಅಳೆದರು.

ಆ ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿದ್ದವರು ಬ್ಯಾಡಗಿ ಕಡೆಯ ಮೆಣಸಿನಕಾಯಿ ಬೆಳೆಗಾರರು. ಐವತ್ತರ ಸುಮಾರಿನವರು. 2019ರಲ್ಲಿ ಎತ್ತಿನ ಕೋಡು ಬಡಿದು ಅವರ ಎಡಗಣ್ಣಿನ ಪಟಲ ಕಳಚಿ, ಬೇರೊಂದು ಊರಿನಲ್ಲಿ ಎಣ್ಣೆ ತುಂಬಿಸಿಕೊಂಡಿದ್ದರು. ಅವರದು ಮೊದಲು ನಂಬರು ಇಲ್ಲದ ಕಣ್ಣು. ಎಣ್ಣೆ ತುಂಬಿದ ಮೇಲೆ ಎಲ್ಲ ಮಂಜು ಮಂಜು. ಇಷ್ಟು ಖರ್ಚು ಮಾಡಿ ಇಷ್ಟೇ ಕಂಡದ್ದು, ಇನ್ನು ಈ ಕಣ್ಣಿನ ಆಸೆ ಬಿಟ್ಟೆ ಎಂದು ಅವರು ಹೋಗಲಿಲ್ಲ. ಮನಸ್ಸು ಬದಲಿಸಿ ಹೋಗೋಣ ಎನ್ನುವಷ್ಟರಲ್ಲಿ 2020ರ ಮಾರ್ಚಿನ ಲಾಕ್‌ಡೌನ್ ಬಂತು. ಆಮೇಲೆ ಮರೆತೇ ಹೋಯಿತು. ಎರಡು ವರ್ಷ ಕಳೆದು ರಾತ್ರಿ ಹೊತ್ತು ತಲೆಶೂಲೆ, ವಾಂತಿ. ಪಿತ್ತ ಎಂದು ಊರಲ್ಲಿ ಗುಳಿಗೆ ಕೊಟ್ಟರು. ನಾನು ನೋಡಿದಾಗ ಆ ಕಣ್ಣಿನ ಗುಡ್ಡೆ ಕುದಿಸಿದ ಮೀನಿನ ಕಣ್ಣಿನಂತೆ ಬೆಳ್ಳಗಾಗಿತ್ತು. ಒತ್ತಡ 52. ಬ್ಯಾಟರಿ ಬಿಟ್ಟರೂ ಬೆಳಕು ಗೊತ್ತಾಗುತ್ತಿರಲಿಲ್ಲ. ಈಗ ಎಣ್ಣೆ ತೆಗೆಯುವುದು ನೋವು ಕಡಿಮೆ ಆಗಲಿ ಎಂದು ಮಾತ್ರ.

ಅವರ ಹೆಂಡತಿ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ನನ್ನ ಹೆಂಡತಿಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ತಂಪಿಗಂತ ಎಣ್ಣಿ ಹಾಕ್ಯಾರ ಅಂದಕೊಂಡಿದ್ವಿ ರೀ. ತಗಸಬೇಕಂತ ಗೊತ್ತಿದ್ರ ಒಂದ್ ಎತ್ತ ಮಾರಿಯಾದ್ರೂ ಬರ್ತಿದ್ವಿ."

ಕಣ್ಣು ಕಂಡಿತು ಎಂದು ನಾನು ಹೋಗಲಿಲ್ಲ. ಕಾಣಲಿಲ್ಲ ಎಂದು ಅವರು ಹೋಗಲಿಲ್ಲ. ಇಬ್ಬರಿಗೂ ಎಣ್ಣೆಯ ಗಡುವು ಗೊತ್ತಿರಲಿಲ್ಲ.

ಇದನ್ನು ಓದಿ ಯಾರೂ ಎಣ್ಣೆಗೆ ಹೆದರಬೇಡಿ. ಅದಿಲ್ಲದಿದ್ದರೆ ನನ್ನ ಬಲಗಣ್ಣು 2021ರಲ್ಲೇ ಹೋಗುತ್ತಿತ್ತು. 1962ರಲ್ಲಿ ಅಮೆರಿಕದಲ್ಲಿ ಪಾಲ್ ಸಿಬಿಸ್ ಎಂಬ ವೈದ್ಯರು ಈ ಎಣ್ಣೆಯನ್ನು ಕಳಚಿದ ಪಟಲಕ್ಕೆ ಬಳಸಿ ವರದಿ ಮಾಡಿದರು. ಅಲ್ಲಿಯ ತನಕ ಕೈಬಿಟ್ಟಿದ್ದ ಕಣ್ಣುಗಳವು. 1970ರ ದಶಕದಲ್ಲಿ ರಾಬರ್ಟ್ ಮಾಕೆಮರ್ ಕಣ್ಣಿನ ಲೋಳೆ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ರೂಢಿಗೆ ತಂದ ಮೇಲೆ ಎಣ್ಣೆಗೆ ಸರಿಯಾದ ಜಾಗ ಸಿಕ್ಕಿತು. 1992ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರ ಫಲ ಬಂದಾಗ, ಸುಕ್ಕುಗಟ್ಟಿದ ಪಟಲಕ್ಕೆ ಬೇಗ ಕರಗುವ ಅನಿಲಕ್ಕಿಂತ ಎಣ್ಣೆಯೇ ಮೇಲು, ನಿಧಾನ ಕರಗುವ ಅನಿಲಕ್ಕೆ ಬಹುಮಟ್ಟಿಗೆ ಸಮ ಎಂದು ಕಂಡಿತು. ತೊಂದರೆಗಳ ಪಟ್ಟಿಯೂ ವೈದ್ಯಲೋಕಕ್ಕೆ ಆಗಿನಿಂದಲೇ ಗೊತ್ತು. ಗೊತ್ತಿಲ್ಲದಿರುವುದು ಎಣ್ಣೆ ಹೊತ್ತುಕೊಂಡು ಬಸ್ಸು ಹತ್ತುವ ನಮಗೆ.

ನಮ್ಮ ಜನಕ್ಕೆ ಕಣ್ಣಿನ ಆಪರೇಶನ್ ಎಂದರೆ ಪೊರೆಯದು. ಬೀಳಗಿಯಿಂದ ಬಂದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಶಿಬಿರ ಒಯ್ದು ಲಕ್ಷಾಂತರ ಜನರ ಪೊರೆ ತೆಗೆದ ಕಾಲದಿಂದ ನಮ್ಮ ಭಾಗದಲ್ಲಿ ಅದು ಮನೆಮಾತು. ನಮ್ಮ ಅವ್ವನೂ ಅಂಥ ಶಿಬಿರವೊಂದರಲ್ಲಿ ಶಾಲೆಯ ಕೋಣೆಯಲ್ಲಿ ಮಲಗಿ ಕಣ್ಣು ಮಾಡಿಸಿಕೊಂಡವಳು. ಪೊರೆ ತೆಗೆದರು, ಪಟ್ಟಿ ಬಿಚ್ಚಿದರು, ಕನ್ನಡಕ ಕೊಟ್ಟರು, ಕೆಲಸ ಮುಗಿಯಿತು. ಅದೇ ಲೆಕ್ಕವನ್ನು ನಾವು ರೆಟಿನಾಗೂ ಹಚ್ಚುತ್ತೇವೆ. ರೆಟಿನಾದಲ್ಲಿ ಎಣ್ಣೆ ಹಾಕಿದ ದಿನ ಅರ್ಧ ಕೆಲಸ ಮಾತ್ರ ಆಗಿರುತ್ತದೆ. ಉಳಿದ ಅರ್ಧ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ ಆಗಬೇಕು. ಈ ಎರಡನೆಯ ಅರ್ಧಕ್ಕೆ ರೋಗಿಯನ್ನು ಕರೆತರುವ ಹೊಣೆ ಯಾರದು ಎಂಬುದೇ ನನ್ನ ಪ್ರಶ್ನೆ.

ಹೊಣೆ ಎಣ್ಣೆ ಹಾಕಿದವರದು ಎಂದು ನಾನು ಹೇಳುತ್ತೇನೆ. ರೋಗಿ ಮರೆಯಬಹುದು, ಬಡತನ ಇರಬಹುದು, ಬಿತ್ತನೆ ಸುಗ್ಗಿ ಇರಬಹುದು. ಎಣ್ಣೆ ಹಾಕಿದ ದಿನ, ಎಣ್ಣೆಯ ಬಗೆ, ರೋಗಿಯ ಫೋನ್ ನಂಬರು ಮೂರೂ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಇರುತ್ತವೆ. ಮಕ್ಕಳ ಲಸಿಕೆಗೆ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ನೆನಪಿಸುತ್ತಾಳೆ. ಗರ್ಭಿಣಿಯ ಕೈಯಲ್ಲಿ ತಾಯಿ ಕಾರ್ಡ್ ಇರುತ್ತದೆ, ಯಾವ ತಿಂಗಳು ಏನು ಎಂದು ಕನ್ನಡದಲ್ಲೇ ಬರೆದಿರುತ್ತದೆ, ಓದು ಬಾರದವಳೂ ಅದನ್ನು ಜೋಪಾನವಾಗಿ ಸೀರೆಯ ಗಂಟಿನ ಜೊತೆ ಇಟ್ಟುಕೊಳ್ಳುತ್ತಾಳೆ. ಕಣ್ಣೊಳಗೆ ಎಣ್ಣೆ ಇರುವವರಿಗೆ ಅಂಥದ್ದೊಂದು ಕಾರ್ಡ್ ಕೊಡುವುದು ಎಷ್ಟು ಖರ್ಚಿನ ಮಾತು?

ಕಾರ್ಡಿನಲ್ಲಿ ಏನಿರಬೇಕೆಂದು ನನ್ನ ಕಸುಬಿನಂತೆ ನಾನೇ ಕರಡು ಮಾಡಿದ್ದೇನೆ. ಯಾವ ಆಸ್ಪತ್ರೆ ಬೇಕಾದರೂ ಹಾಗೇ ಎತ್ತಿಕೊಂಡು ಅಚ್ಚು ಹಾಕಿಸಲಿ, ನನ್ನ ಹೆಸರು ಬೇಡ:

"ನಿಮ್ಮ ಬಲ / ಎಡ ಕಣ್ಣಿನೊಳಗೆ ಸಿಲಿಕಾನ್ ಎಣ್ಣೆ ತುಂಬಿದ್ದೇವೆ. ಇದು ತಾನಾಗಿ ಕರಗುವುದಿಲ್ಲ. ಇದನ್ನು ತೆಗೆಯಲು ಇನ್ನೊಂದು ಶಸ್ತ್ರಚಿಕಿತ್ಸೆ ಬೇಕು. ತುಂಬಿದ ದಿನ ಇದು. ತೆಗೆಯುವುದನ್ನು ತೀರ್ಮಾನಿಸಲು ನೀವು ಬರಬೇಕಾದ ದಿನ ಇದು. ಕಣ್ಣು ಚೆನ್ನಾಗಿ ಕಂಡರೂ ಬನ್ನಿ, ಕಾಣದಿದ್ದರೂ ಬನ್ನಿ. ನೋವು, ಕೆಂಪು, ತಲೆಶೂಲೆ, ವಾಂತಿ, ದೀಪದ ಸುತ್ತ ಬಣ್ಣದ ಬಳೆ, ಕಪ್ಪು ಗುಡ್ಡೆಯ ಮೇಲಂಚಿನಲ್ಲಿ ಬಿಳಿ ಗೆರೆ, ಹೊಸ ನೆರಳು ಕಂಡರೆ ಆ ದಿನಕ್ಕೆ ಕಾಯದೆ ಕೂಡಲೇ ಬನ್ನಿ. ಬೇರೆ ಯಾವ ವೈದ್ಯರ ಬಳಿ ಹೋದರೂ ಈ ಕಾರ್ಡ್ ತೋರಿಸಿ."

ಇಷ್ಟೇ. ಅಕ್ಷರ ದಪ್ಪ ಇರಲಿ. ಪಾಪೆ ಅಗಲಿಸುವ ಹನಿ ಹಾಕುವ ಮುಂಚೆ ಕೊಡಲಿ. ಓದಲು ಬಾರದವರಿಗೆ, ಜೊತೆಗೆ ಬಂದವರನ್ನು ಕೂರಿಸಿಕೊಂಡು ಓದಿ ಹೇಳಲಿ. ಮೂರನೆಯ ತಿಂಗಳಿಗೆ ಒಂದು ಫೋನ್ ಮಾಡಲಿ, ಬಾರದಿದ್ದರೆ ನಾಲ್ಕನೆಯ ತಿಂಗಳಿಗೆ ಇನ್ನೊಂದು. ಸರ್ಕಾರಿ ಯೋಜನೆಯಡಿ ಶಸ್ತ್ರಚಿಕಿತ್ಸೆ ಆದವರ ಲೆಕ್ಕ ಸರ್ಕಾರದ ಬಳಿಯೂ ಇರುತ್ತದೆ. ನಮ್ಮ ರಾಜ್ಯದಲ್ಲಿ ಆಶಾಕಿರಣ ಕಾರ್ಯಕ್ರಮ ಮನೆ ಮನೆಗೆ ಹೋಗಿ ಕಣ್ಣು ತಪಾಸಣೆ ಮಾಡಿ ಕನ್ನಡಕ ಕೊಡುತ್ತಿದೆ, ಬ್ಯಾಡಗಿ ಇರುವ ಹಾವೇರಿ ಜಿಲ್ಲೆಯಲ್ಲೂ ಮಾಡಿದೆ. ಆ ತಪಾಸಣೆಯ ಹಾಳೆಗೆ ಒಂದೇ ಒಂದು ಪ್ರಶ್ನೆ ಸೇರಿಸಲಿ: "ಈ ಮನೆಯಲ್ಲಿ ಯಾರಾದರೂ ಕಣ್ಣೊಳಗೆ ಎಣ್ಣೆ ತುಂಬಿಸಿಕೊಂಡಿದ್ದಾರೆಯೇ? ತೆಗೆಸಿದ್ದಾರೆಯೇ?"

ಕಾರ್ಡಿನ ಕರಡನ್ನು ನನ್ನ ವೈದ್ಯೆಯ ಮುಂದೆ ಇಟ್ಟಾಗ ಅವರು ಎರಡು ಮಾತು ಹೇಳಿದರು. ಎರಡೂ ನ್ಯಾಯವಾದವು. ಎಣ್ಣೆ ತೆಗೆದ ಮೇಲೆ ಕೆಲವರಿಗೆ ಪಟಲ ಮತ್ತೆ ಕಳಚುತ್ತದೆ, ಅದರ ಭಯ ವೈದ್ಯರಿಗೂ ಇರುತ್ತದೆ, ಆತುರ ಮಾಡುವ ಹಾಗಿಲ್ಲ. ಮತ್ತೆ ಕೆಲವು ಕಣ್ಣುಗಳಲ್ಲಿ, ಒತ್ತಡ ತೀರ ಕಡಿಮೆ ಆಗಿ ಗುಡ್ಡೆ ಕುಗ್ಗುವಂತಿದ್ದರೆ, ಅಥವಾ ಇದೊಂದೇ ಕಣ್ಣು ಉಳಿದು ಪಟಲದ ಭರವಸೆ ಇಲ್ಲದಿದ್ದರೆ, ಎಣ್ಣೆಯನ್ನು ಬೇಕೆಂದೇ ಬಿಡುತ್ತಾರೆ. ಒಪ್ಪಿದೆ. ಅದಕ್ಕೇ ಕರಡಿನಲ್ಲಿ "ತೆಗೆಯುವ ದಿನ" ಎಂದಿದ್ದದ್ದನ್ನು ಹೊಡೆದು "ತೆಗೆಯುವುದನ್ನು ತೀರ್ಮಾನಿಸಲು ಬರಬೇಕಾದ ದಿನ" ಎಂದು ತಿದ್ದಿದೆ. ಬಿಡುವುದಾದರೂ ವೈದ್ಯರು ನೋಡಿ, ಯೋಚಿಸಿ, ರೋಗಿಗೆ ಹೇಳಿ ಬಿಡಲಿ. ಯಾರಿಗೂ ನೆನಪಿಲ್ಲದೆ ಉಳಿದ ಎಣ್ಣೆ ಅದೇ ಲೆಕ್ಕಕ್ಕೆ ಬರುವುದಿಲ್ಲ.

ರೋಗಿಗಳ ಕಡೆಗೂ ಒಂದು ಮಾತು. ತೆಗೆದರೆ ಮತ್ತೆ ಕಳಚೀತು ಎಂಬ ಹೆದರಿಕೆಯಿಂದ ಗೊತ್ತಿದ್ದೂ ಮುಂದೂಡುವವರು ಇದ್ದಾರೆ. ಎಣ್ಣೆ ತೆಗೆಯುವ ಹಿಂದಿನ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಆ ಹೆದರಿಕೆಯನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಪಟಲ ಎಷ್ಟು ಗಟ್ಟಿ ಕೂತಿದೆ ಎಂದು ನೋಡಿ, ಬೇಕಾದರೆ ಮೊದಲೇ ಇನ್ನೊಂದು ಸುತ್ತು ಲೇಸರ್ ಹಾಕುವುದು ಅವರಿಗೆ ಗೊತ್ತು. ಮನೆಯಲ್ಲಿ ಕೂತು ನಾವೇ ತೂಗಿ ನೋಡುವ ತೂಕ ಅಲ್ಲ ಇದು.

ಈಗ ನನ್ನ ಬಲಗಣ್ಣಿನಲ್ಲಿ ಪತ್ರಿಕೆಯ ತಲೆಬರಹ ಓದಬಲ್ಲೆ, ಒಳಗಿನ ಸಾಲು ಆಗುವುದಿಲ್ಲ. ಎಡಗಣ್ಣಿನ ಅಂಚು ತೆಳುವಾಗಿದೆ ಎಂದು ಸುತ್ತ ಲೇಸರ್ ಹಾಕಿದ್ದಾರೆ, ಈ ಲೇಖನವನ್ನು ತಿದ್ದಿದ್ದು ಅದರಿಂದಲೇ. ಬಲಗಣ್ಣಿಗೆ ಬೆಳಿಗ್ಗೆ ಸಂಜೆ ಒತ್ತಡದ ಹನಿ, ಅದು ಜೀವಮಾನದ್ದು. ಎಷ್ಟು ತೊಳೆದರೂ ಕೆಲವು ಎಣ್ಣೆ ಹನಿ ಒಳಗೇ ಉಳಿದಿವೆ. ಕಣ್ಣೊಳಗೆ ಅವು ಮೇಲೆ ತೇಲುತ್ತವೆ, ಆದರೆ ಪಟಲದ ಮೇಲೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ ನನಗೆ ಕೆಳಗೆ ಕಾಣುತ್ತವೆ. ನಡೆಯುವಾಗ ಕಾಲ ಬುಡದಲ್ಲಿ ಸಾಸಿವೆ ಉರುಳಿದ ಹಾಗೆ.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಪರಿಚಯದವರಲ್ಲಿ ರೆಟಿನಾ ಆಪರೇಶನ್ ಆದವರು ಇದ್ದರೆ ಅವರ ಬಿಡುಗಡೆ ಚೀಟಿ ತೆಗೆಸಿ ನೋಡಿ. ಎಸ್‌ಒಐ ಎಂಬ ಮೂರು ಅಕ್ಷರ ಇದೆಯೇ, ಅದಾದ ಮೇಲೆ ಎಣ್ಣೆ ತೆಗೆದದ್ದಕ್ಕೆ ಬರೆಯುವ ಎಸ್‌ಒಆರ್ ಎಂಬುದು ಎಲ್ಲಾದರೂ ಇದೆಯೇ ಹುಡುಕಿ. ಮೊದಲನೆಯದು ಇದ್ದು ಎರಡನೆಯದು ಇಲ್ಲದಿದ್ದರೆ, ಈ ವಾರವೇ ಅವರನ್ನು ಕರೆದುಕೊಂಡು ಹೋಗಿ.